ಲೈಟ್ ಬಾರ್ ಆಮೇಲೆ, ಮೊದಲು ಜೀಪಿನ ಕೆಳಗೆ ಬಗ್ಗಿ ನೋಡಿ

ನಿನ್ನೆ ಸಕಲೇಶಪುರದ ಕಡೆ ಒಂದು ಹೋಂಸ್ಟೇ ಮುಂದೆ ನಿಂತಿದ್ದ ಮಹೀಂದ್ರ ಮೇಜರ್ ಜೀಪ್ ನೋಡಿ ತಲೆ ಕೆಟ್ಟಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಮುಂದೆ ಎರಡು ಸಾಲು ಎಲ್‌ಇಡಿ ಲೈಟ್ ಬಾರ್, ಬಾನೆಟ್ ಪಕ್ಕ ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯೋ ಕೊಳವೆ), 31 ಇಂಚಿನ ಮಡ್ ಟೈರ್, ಹೊಸ ಪೇಂಟ್. ಕೆಳಗೆ ಬಗ್ಗಿದರೆ ಮುಂದಿನ ಬ್ರೇಕ್ ಹೋಸ್ ಬಿರುಕು ಬಿಟ್ಟಿದೆ. ಟೈ ರಾಡ್ ಎಂಡ್‌ನ (ಮುಂದಿನ ಎರಡು ಚಕ್ರ ಜೋಡಿಸೋ ಸ್ಟೀರಿಂಗ್ ಸರಳಿನ ತುದಿ) ರಬ್ಬರ್ ಬೂಟ್ ಹರಿದು ಒಳಗೆಲ್ಲ ಕೆಂಪು ಮಣ್ಣು. ಎಡ ಚಕ್ರದ ಒಳಬದಿಗೆ ಎಣ್ಣೆ ಇಳಿದ ಗುರುತು. ಅದೇ ಗಾಡಿಯಲ್ಲಿ ದಿನಾ ಮಕ್ಕಳನ್ನ ಶಾಲೆಗೆ ಬಿಡ್ತಾರಂತೆ.

ಹಳೆ ಜೀಪ್ ಇಟ್ಟವರ ಹತ್ತಿರ ದುಡ್ಡು ಲೆಕ್ಕದ್ದೇ ಇರುತ್ತೆ. ಆ ಲೆಕ್ಕದ ದುಡ್ಡು ಮೊದಲು ಹೋಗಬೇಕಾದ್ದು ಗಾಡಿಯ ಕೆಳಗೆ: ಸೀಲು, ಬೇರಿಂಗು, ಹೋಸು, ಗ್ರೀಸು, ಎಣ್ಣೆ. ಎಂಎಂ 540 ಇರಲಿ, ಮೇಜರ್ ಇರಲಿ, ಕಮಾಂಡರ್ ಇರಲಿ, ಇಪ್ಪತ್ತು ಮೂವತ್ತು ವರ್ಷದ ಗಾಡಿ ಎಂಜಿನ್ ಹೋಗಿ ಮೂಲೆ ಸೇರೋದು ಕಡಿಮೆ. ನೀರು ಒಳಗೆ ಹೋಗಿ, ಜಾಯಿಂಟ್ ಒಣಗಿ, ತುಕ್ಕು ತಿಂದು ಮೂಲೆ ಸೇರುತ್ತೆ. ಈ ಮೂರನ್ನೂ ತಡೆಯೋ ಖರ್ಚು ಚಿಕ್ಕದು. ಫೋಟೋದಲ್ಲಿ ಮಾತ್ರ ಅದು ಕಾಣಲ್ಲ.

ಸ್ನಾರ್ಕೆಲ್ ವಿಷಯವನ್ನೇ ತಗೊಳ್ಳಿ. ಎಂಜಿನ್ ಗಾಳಿ ಎಳೆಯೋ ಜಾಗವನ್ನ ಮೇಲಕ್ಕೆತ್ತಿದಿರಿ, ಸರಿ. ಆಕ್ಸಲ್ ಹೌಸಿಂಗ್ (ಆಕ್ಸಲ್ ಹೊದ್ದ ಲೋಹದ ಕವಚ) ಮೇಲೂ ಒಂದು ಸಣ್ಣ ಬ್ರೀದರ್, ಅಂದರೆ ಗಾಳಿ ಆಡೋ ಕಿಂಡಿ, ಇದೆ, ಅದನ್ನ ಯಾವತ್ತಾದ್ರೂ ಮುಟ್ಟಿ ನೋಡಿದ್ದೀರಾ? ಹೆಚ್ಚಿನ ಹಳೆ ಗಾಡಿಗಳಲ್ಲಿ ಅದು ಮಣ್ಣು ಕಟ್ಟಿ ಮುಚ್ಚೇ ಹೋಗಿರುತ್ತೆ. ಓಡಿ ಓಡಿ ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿರುತ್ತೆ. ಹಾಗೇ ಹಳ್ಳಕ್ಕೆ ಇಳಿಸಿದರೆ ಆ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತೆ. ಬ್ರೀದರ್ ಮುಚ್ಚಿದ್ದರೆ ಹೊರಗಿನ ಗಾಳಿ ಬರೋಕೆ ದಾರಿಯಿಲ್ಲ, ಆ ಎಳೆತಕ್ಕೆ ಆಯಿಲ್ ಸೀಲಿನ ಅಂಚಿಂದ ನೀರೇ ಒಳಗೆ ಬರುತ್ತೆ. ಬ್ರೀದರ್ ತೆರೆದಿದ್ದು ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ಬರುತ್ತೆ. ಸಾವಿರಾರು ರೂಪಾಯಿ ಕೊಟ್ಟು ಎಂಜಿನ್ ಉಳಿಸಿಕೊಂಡವರು ಆಕ್ಸಲ್ ಒಳಗಿನ ಹಲ್ಲುಚಕ್ರಗಳಿಗೆ, ಅದೇ ಕ್ರೌನ್ ಪಿನಿಯನ್ನಿಗೆ, ನೀರು ಕುಡಿಸ್ತಾ ಇದ್ದಾರೆ, ಸಿಟ್ಟು ಬರದೆ ಇನ್ನೇನು?

ಮಾಡಬೇಕಾದ್ದು ಇಷ್ಟೆ. ಹಳೆ ಬ್ರೀದರ್ ಬಿಚ್ಚಿ ಅದೇ ಥ್ರೆಡ್ಡಿಗೆ ಹೋಸ್ ನಿಪ್ಪಲ್ ಹಾಕಿ. ಅದಕ್ಕೆ ಡೀಸೆಲ್ ಹೋಸ್ ಸಿಕ್ಕಿಸಿ ಕ್ಲಿಪ್ ಬಿಗಿದು, ಚಾಸಿಯ ಪಕ್ಕದಲ್ಲೇ ಕಟ್ಟಿಕೊಂಡು ಬಂದು ಬಾನೆಟ್ ಒಳಗೆ ಆದಷ್ಟು ಮೇಲೆ ತನ್ನಿ. ತುದಿ ಕೆಳಮುಖವಾಗಿರಲಿ, ಒಂದು ಸಣ್ಣ ಡೀಸೆಲ್ ಫಿಲ್ಟರ್ ಸಿಕ್ಕಿಸಿದರೆ ಧೂಳೂ ಹೋಗಲ್ಲ. ಆಕ್ಸಲ್ ಮತ್ತು ಚಾಸಿ ನಡುವೆ ಹೋಸ್ ಸಡಿಲ ಬಿಡಿ, ಬಿಗಿಯಾಗಿ ಕಟ್ಟಿದರೆ ಮೊದಲ ಗುಂಡಿಗೇ ಕಿತ್ತು ಬರುತ್ತೆ. ಸೈಲೆನ್ಸರ್ ಪೈಪಿಗೆ ತಾಗಬಾರದು.

ನೀರು ಹೋಗಿದೆಯಾ ಅಂತ ನೋಡೋದು ಇನ್ನೂ ಸುಲಭ. ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಹೌಸಿಂಗಿನ ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ತೊಟ್ಟಿಕ್ಕುತ್ತೆ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಬದಲಿಸಿ, ಮುಂದಿನ ಸಂಬಳ ಬರಲಿ ಅಂತ ಕಾಯಬೇಡಿ. ಪೂರ್ತಿ ಇಳಿಸೋ ಮುಂಚೆ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತಾ ನೋಡಿ. ಎಣ್ಣೆಯೆಲ್ಲ ಇಳಿಸಿದ ಮೇಲೆ ಫಿಲ್ಲರ್ ಪ್ಲಗ್ ಹಿಡಿದುಕೊಂಡಿದ್ದು ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತೆ. ಕ್ರೌನ್ ಪಿನಿಯನ್ನಿಗೆ ಜಿಎಲ್ 5 ದರ್ಜೆಯ ಗೇರ್ ಆಯಿಲ್, ಗೇರ್ ಬಾಕ್ಸಿಗೆ ಜಿಎಲ್ 4. ಎರಡಕ್ಕೂ ಒಂದೇ ಡಬ್ಬಿಯಿಂದ ಸುರಿಯಬೇಡಿ, ಗೇರ್ ಬಾಕ್ಸ್ ಒಳಗಿನ ಹಿತ್ತಾಳೆಯ ಸಿಂಕ್ರೋ ರಿಂಗಿಗೆ (ಗೇರ್ ಸಲೀಸಾಗಿ ಬೀಳೋ ಹಾಗೆ ಮಾಡೋ ಬಳೆ) ಜಿಎಲ್ 5 ಒಳ್ಳೇದಲ್ಲ.

ಆಮೇಲೆ ಸ್ಟೀರಿಂಗ್ ಒದ್ದಾಡೋ ರೋಗ. ಐವತ್ತು ಅರವತ್ತರ ವೇಗದಲ್ಲಿ ಒಂದು ಗುಂಡಿ ಸಿಕ್ಕಿದರೆ ಸಾಕು, ಮುಂದಿನ ಚಕ್ರ ಎರಡೂ ಅದುರೋಕೆ ಶುರು ಮಾಡಿ ಗಾಡಿ ನಿಲ್ಲಿಸೋ ತನಕ ಬಿಡಲ್ಲ. ಇದಕ್ಕೆ ಎಲ್ಲ ಕಡೆ ಒಂದೇ ಸಲಹೆ: ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ಅದುರೋದನ್ನ ತಡೆಯೋ ಶಾಕ್ ಅಬ್ಸಾರ್ಬರ್) ಹಾಕ್ಸಿ. ಡ್ಯಾಂಪರ್ ಆಟವನ್ನ, ಅಂದರೆ ಜಾಯಿಂಟಿನ ಸಡಿಲವನ್ನ, ಅಡಗಿಸಿಡುತ್ತೆ ಅಷ್ಟೇ, ಒಳಗಿನ ಸವೆತ ನಡೀತಾನೇ ಇರುತ್ತೆ.

ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು ಮುಂದಿನ ಚಕ್ರ ಜಾಕ್ ಮೇಲೆತ್ತಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರ್ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರ ಹತ್ತಿರ ಬ್ರೇಕ್ ತುಳಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಆಗಲೂ ಆಟ ಹಾಗೇ ಇದ್ದರೆ ಕಿಂಗ್ ಪಿನ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳೋ ಕೀಲು. 3 ಮತ್ತು 9ರ ಜಾಗದಲ್ಲಿ ಹಿಡಿದಾಗ ಮಾತ್ರ ಆಟ ಸಿಕ್ಕಿದರೆ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್‌ನಿಂದ ಚಕ್ರದ ಕಡೆ ಹೋಗೋ ಸರಳು) ಕಡೆ ನೋಡಿ. ಐದು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ.

ಕಿಂಗ್ ಪಿನ್ ಬೇರಿಂಗ್ ಚೆನ್ನಾಗಿದ್ದು ಬರೀ ಸಡಿಲವಾಗಿದ್ದರೆ ಕ್ಯಾಪ್ ಕೆಳಗಿನ ಶಿಮ್ (ತೆಳು ಲೋಹದ ಹಾಳೆ) ತೆಗೆದೇ ಸರಿ ಮಾಡಬಹುದು. ಮೇಲೆ ಕೆಳಗೆ ಸಮನಾಗಿ ತೆಗೀಬೇಕು, ಟೈ ರಾಡ್ ಬಿಚ್ಚಿಟ್ಟು ಕೈಯಲ್ಲಿ ತಿರುಗಿಸಿದಾಗ ನಕಲ್ (ಕಿಂಗ್ ಪಿನ್ ಮೇಲೆ ಹೊರಳೋ, ಚಕ್ರ ಹೊತ್ತ ಭಾಗ) ಸ್ವಲ್ಪ ಬಿಗಿಯಾಗಿ ತಿರುಗಬೇಕು. ವೀಲ್ ಬೇರಿಂಗ್ ಆದರೆ ಬಿಚ್ಚಿ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಒಣಗಿಸಿ, ರೋಲರ್ ಮೇಲೆ ಗುಳಿ ಅಥವಾ ನೀಲಿ ಬಣ್ಣ ಕಂಡರೆ ಎಸೆಯಿರಿ. ಚೆನ್ನಾಗಿದ್ದರೆ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲದ ಬದಿಯನ್ನ ಅದಕ್ಕೆ ಒತ್ತಿ ಒತ್ತಿ, ಆ ಕಡೆಯಿಂದ ಗ್ರೀಸ್ ಹೊರಬರೋ ತನಕ ತುಂಬಿ. ಮೇಲೆ ಸವರಿದರೆ ಪ್ರಯೋಜನ ಇಲ್ಲ. ಕೂರಿಸಿದ ಮೇಲೆ ಚಕ್ರ ತಿರುಗಿಸ್ತಾ ಒಳ ನಟ್ ಬಿಗಿ ಮಾಡಿ, ಚಕ್ರ ಹಿಡಿದುಕೊಂಡ ಕೂಡಲೇ ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ, ಲಾಕ್ ವಾಷರ್, ಹೊರ ನಟ್, ಆಮೇಲೆ ವಾಷರಿನ ಕಿವಿ ಮಡಚಿ. ಈ ನಟ್ಟಿಗೆ ಬಾಕ್ಸ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡೋ ಗ್ಯಾರೇಜಾದರೆ ಗಾಡಿ ತಗೊಂಡು ಬಂದುಬಿಡಿ.

ಪ್ರೊಪೆಲ್ಲರ್ ಶಾಫ್ಟ್ ಅಂದರೆ ಆಕ್ಸಲ್‌ಗೆ ಶಕ್ತಿ ಒಯ್ಯೋ ತಿರುಗು ಸರಳು. ಅದರ ಜಾಯಿಂಟಿನ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಯೋದನ್ನ ಸರ್ವಿಸ್ ಹುಡುಗರು ಎರಡು ಸಲ ಪಂಪ್ ಒತ್ತಿ ಮುಗಿಸ್ತಾರೆ. ಕ್ರಾಸಿಗೆ ನಾಲ್ಕು ಕಪ್, ನಾಲ್ಕರ ಅಂಚಿಂದಲೂ ಹೊಸ ಗ್ರೀಸ್ ಇಣುಕಬೇಕು. ಮೂರರಿಂದ ಬಂದು ನಾಲ್ಕನೇದು ಒಣಗಿದ್ದರೆ ಒಳಗಿನ ಸೂಜಿ ರೋಲರುಗಳು ತುಕ್ಕು ಹಿಡಿದು ಕೆಂಪು ಪುಡಿ ಉದುರುತ್ತೆ, ನಿಧಾನಕ್ಕೆ ಹೊರಟಾಗ ಕಿಚ್ ಕಿಚ್ ಅನ್ನುತ್ತೆ, ಒಂದಿನ ಶಾಫ್ಟ್ ಕಳಚಿ ರಸ್ತೆಗೆ ಬೀಳುತ್ತೆ. ನಾಲ್ಕನೇದು ಬರದಿದ್ದರೆ ಶಾಫ್ಟನ್ನ ಆ ಕಪ್ಪಿನ ವಿರುದ್ಧ ದಿಕ್ಕಿಗೆ ಒತ್ತಿ ಹಿಡಿದು ಇನ್ನೊಮ್ಮೆ ಪಂಪ್ ಮಾಡಿ. ಶಾಫ್ಟ್ ಬಿಚ್ಚಿದರೆ ಸ್ಲಿಪ್ ಜಾಯಿಂಟಿನ (ಶಾಫ್ಟ್ ಉದ್ದ ಗಿಡ್ಡ ಆಗೋಕೆ ಬಿಡೋ ಜಾರು ಜೋಡಣೆ) ಎರಡೂ ಕಡೆ ಬಾಣದ ಗುರುತು ಎದುರುಬದುರಾಗೇ ಮತ್ತೆ ಕೂರಿಸಬೇಕು. ಒಂದು ಹಲ್ಲು ಆಚೀಚೆ ಆದರೂ ಗಾಡಿ ನಡುಗುತ್ತೆ, ಆಮೇಲೆ ಅದಕ್ಕೆ ಟೈರ್ ಬ್ಯಾಲೆನ್ಸಿಂಗ್ ಅಂತ ದುಡ್ಡು ಸುರೀತೀರಿ. ಮಳೆಗಾಲದಲ್ಲಿ ದಿನಾ ಮಣ್ಣು ರಸ್ತೆ ಓಡೋ ಗಾಡಿಗೆ ಹದಿನೈದು ದಿನಕ್ಕೊಮ್ಮೆ ಗ್ರೀಸ್ ಬೇಕೇ ಬೇಕು.

ಲಾಕ್ ಹಬ್ (ಮುಂದಿನ ಚಕ್ರವನ್ನ ಆಕ್ಸಲ್‌ಗೆ ಜೋಡಿಸೋ, ಬಿಡಿಸೋ ಹಬ್) ಇರೋರಿಗೆ ಒಂದು ಮಾತು. ಹಬ್ ಫ್ರೀ ಇಟ್ಟು ತಿಂಗಳುಗಟ್ಟಲೆ ಓಡಿಸಿದರೆ ಮುಂದಿನ ಕ್ರೌನ್ ತಿರುಗೋದೇ ಇಲ್ಲ, ಮೇಲಿನ ಬೇರಿಂಗುಗಳಿಗೆ ಎಣ್ಣೆ ಸಿಗಲ್ಲ. ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ ಮಣ್ಣು ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಫೋರ್ ವೀಲ್ ಹಾಕಿ ಓಡಿಸಿ. ಒಣ ಟಾರ್ ರಸ್ತೆಯಲ್ಲಿ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು, ಟಾರ್ ಮೇಲೆ ಜಾರೋಕೆ ಜಾಗ ಇಲ್ಲ, ಆ ಬಿಗಿತವೆಲ್ಲ ಕ್ರಾಸಿನ ಮೇಲೂ ಟ್ರಾನ್ಸ್‌ಫರ್ ಕೇಸಿನ (ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಶಕ್ತಿ ಹಂಚೋ ಪೆಟ್ಟಿಗೆ) ಹಲ್ಲಿನ ಮೇಲೂ ಬೀಳುತ್ತೆ.

ಬ್ರೇಕ್ ಬಗ್ಗೆ ನಂಗೆ ಸಹನೆ ಇಲ್ಲ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ವರ್ಷದ ಅರ್ಧ ಒದ್ದೆಯಾಗಿರೋ ಮಲೆನಾಡಲ್ಲಿ, ಘಾಟಿ ಇಳಿಯೋ ಗಾಡಿಯಲ್ಲಿ, ಐದಾರು ವರ್ಷದ ಹಳೆ ಆಯಿಲ್ ಇಟ್ಟುಕೊಂಡು ಓಡಾಡೋದು ಎಂಥಾ ಧೈರ್ಯ ಮಾರಾಯ್ರೇ! ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಮಾಸ್ಟರ್ ಸಿಲಿಂಡರಿಂದ ಅತಿ ದೂರದ ಚಕ್ರದಿಂದ ಏರ್ ತೆಗೆಯೋಕೆ ಶುರು ಮಾಡಿ. ರಬ್ಬರ್ ಹೋಸನ್ನ ಬೆರಳಲ್ಲಿ ಮಡಚಿ ನೋಡಿ, ಬಿರುಕು ಕಂಡರೆ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿದ ಹೋಸ್ ಒತ್ತಡವನ್ನ ಹಿಂದಕ್ಕೆ ಬಿಡಲ್ಲ, ಕಾಲು ತೆಗೆದ ಮೇಲೂ ಆ ಚಕ್ರ ಬಿಸಿಯಾಗ್ತಾನೇ ಇರುತ್ತೆ. ಕೆಸರಲ್ಲಿ ಹೂತು ಬಂದ ಗಾಡಿಯ ಡ್ರಮ್ ಬಿಚ್ಚಿ ತೊಳೆಯಿರಿ, ಒಳಗೆ ಕೂತ ಮಣ್ಣು ಲೈನಿಂಗನ್ನೂ ಡ್ರಮ್ಮನ್ನೂ ಉಜ್ಜಿ ಹಾಕುತ್ತೆ. ಬಿಚ್ಚಿದಾಗಲೇ ವೀಲ್ ಸಿಲಿಂಡರಿನ ಬೂಟ್ ಎತ್ತಿ ನೋಡಿ, ಒದ್ದೆ ಇದ್ದರೆ ಒಳಗಿನ ರಬ್ಬರ್ ಹೋಗಿದೆ. ಎರಡೂ ಕಡೆಯದ್ದನ್ನ ಜೊತೆಗೇ ಬದಲಿಸಿ.

ಟೈರ್ ಲೆಕ್ಕವನ್ನೂ ಹೇಳಿಬಿಡ್ತೀನಿ. ನಿಮ್ಮ ಗಾಡಿಯಲ್ಲಿ 215/75 ಆರ್ 15 ಟೈರ್ ಇದೆ ಅಂತಿಟ್ಟುಕೊಳ್ಳಿ, ಅದರ ಎತ್ತರ ಸುಮಾರು 703 ಮಿಲಿಮೀಟರ್. 235/75 ಆರ್ 15 ಹಾಕಿದರೆ 733, ಅಂದರೆ ಶೇಕಡಾ 4 ಹೆಚ್ಚು, ಗಾಡಿ ಸಹಿಸಿಕೊಳ್ಳುತ್ತೆ. 31 ಇಂಚಿಂದು 787, ಶೇಕಡಾ 12 ಹೆಚ್ಚು. ಚಕ್ರದ ಮೇಲೆ ಎಳೆಯೋ ಬಲ ಸುಮಾರು ಅಷ್ಟೇ ಕಡಿಮೆ, ಬ್ರೇಕಿಗೆ ಅಷ್ಟೇ ಹೆಚ್ಚು ಭಾರ, ಸ್ಪೀಡೋಮೀಟರ್ 50 ತೋರಿಸುವಾಗ ನೀವು 56ರಲ್ಲಿ ಇರ್ತೀರಿ. ಸವೆದ ಕಿಂಗ್ ಪಿನ್ ಮೇಲೆ ಈ ಭಾರ ಕೂರಿಸಿದರೆ ಒದ್ದಾಟ ಶುರುವಾಗದೆ ಇರುತ್ತಾ? ಕಾನೂನೂ ನಿಮ್ಮ ಕಡೆ ಇಲ್ಲ. ಗಾಡಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೈಟ್ ಬಾರ್ ಬೇಕೇ ಬೇಕು ಅಂದರೂ 180 ವ್ಯಾಟಿಂದು 12 ವೋಲ್ಟಿಗೆ 15 ಆಂಪ್ ಎಳೆಯುತ್ತೆ. ರಿಲೇ, ಫ್ಯೂಸ್ ಇಲ್ಲದೆ ಹಳೆ ಸ್ವಿಚ್ಚಿಗೆ ಜೋಡಿಸಿದರೆ ವೈರ್ ಕರಗುತ್ತೆ.

ಇಷ್ಟು ಕಷ್ಟ ಯಾಕೆ, ಮಾರಿ ಹೊಸದು ತಗೊಳ್ಳಿ ಅಂತ ಹೇಳೋರು ಇದ್ದಾರೆ. ಸುರಕ್ಷತೆ ದೃಷ್ಟಿಯಿಂದ ಹೊಸ ಗಾಡಿಯೇ ಮೇಲು, ಒಪ್ತೀನಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣ 2022ರ ಏಪ್ರಿಲ್‌ನಲ್ಲೇ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, ಅದೂ ಹೊರೆಯೇ. ಆದರೆ ತೋಟದ ಮೂಟೆ, ಹಾಲಿನ ಕ್ಯಾನು, ಮನೆ ಜನ ಎಲ್ಲವನ್ನೂ ಹೊರೋ ಗಾಡಿಯ ಬದಲಿಗೆ ತಿಂಗಳ ಕಂತು ಕಟ್ಟಿ ಅನ್ನೋದು ಸುಲಭ, ಕಟ್ಟೋರಿಗೆ ಗೊತ್ತು. ಕೊಡಚಾದ್ರಿ ಹತ್ತೋ ಜೀಪುಗಳನ್ನ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗೋ ಜೀಪುಗಳನ್ನ ನೋಡಿ. ಆ ಕಲ್ಲಿನ ದಾರಿಯಲ್ಲಿ ಹಳೇ ಗಾಡಿಗಳು ಸೀಸನ್ನಲ್ಲಿ ದಿನಾ ಜನ ಹೊರುತ್ತವೆ. ಗಾಡಿ ನಿಂತರೆ ಅವತ್ತಿನ ದುಡಿಮೆ ಇಲ್ಲ, ಅದಕ್ಕೇ ಆ ಚಾಲಕರ ಕಣ್ಣು ಯಾವಾಗಲೂ ಗಾಡಿಯ ಕೆಳಗೆ. ಅವರನ್ನ ಕಂಡರೆ ನಂಗೆ ನಿಜವಾಗಲೂ ಗೌರವ.

ಉಳಿಸೋ ಜಾಗ ಬೇರೆ ಇದೆ. ಬೇರಿಂಗಿನ ಮೇಲೆ ನಂಬರ್ ಕೆತ್ತಿರುತ್ತೆ, ಆಯಿಲ್ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಬರೆದಿರುತ್ತೆ. ಅಳಿಸಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ. ಗಾಡಿ ಹೆಸರು ಹೇಳಿ ಕೇಳಬೇಡಿ, ಬೇರಿಂಗ್ ಅಂಗಡಿಗೆ ಹೋಗಿ ಆ ನಂಬರಿನದೇ ಒಳ್ಳೆ ಕಂಪನಿಯದ್ದು ಕೊಡಿ ಅನ್ನಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಎರಡು ಮೂರು ಅಂಗಡಿ ವಿಚಾರಿಸಿ. ಬಾಗಿಲು, ಮಡ್‌ಗಾರ್ಡ್, ಸೀಟ್ ಫ್ರೇಮ್, ಚಕ್ರದ ಡಿಸ್ಕು (ರಿಮ್) ಇಂಥದ್ದನ್ನ ಶಿವಾಜಿನಗರದ ಗುಜರಿಯಲ್ಲಿ ತಗೊಳ್ಳಿ, ತಪ್ಪಿಲ್ಲ. ಬ್ರೇಕ್ ಮತ್ತು ಸ್ಟೀರಿಂಗ್ ಸಾಮಾನು ಮಾತ್ರ ಹಳೇದು ಬೇಡ, ಪ್ಯಾಕೆಟ್ ಮೇಲೆ ಹೆಸರಿಲ್ಲದ್ದೂ ಬೇಡ.

ಸಕಲೇಶಪುರದ ಆ ಮೇಜರಿನ ಹೊಸ ಪೇಂಟ್ ಬಗ್ಗೆಯೂ ಹೇಳಲೇಬೇಕು. ತುಕ್ಕಿನ ಮೇಲೇ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸೋದು ಈಗ ಎಲ್ಲ ಕಡೆ ನಡೀತಿದೆ. ಕೋಟಿಂಗ್ ಒಳಗೆ ತೇವ ಸಿಕ್ಕಿಕೊಂಡು ತುಕ್ಕು ಒಳಗೊಳಗೇ ತಿನ್ನುತ್ತೆ, ಹೊರಗೆ ಚಾಸಿ ಹೊಸದರಂತೆ ಕಾಣುತ್ತೆ. ಹಳೆ ಜೀಪ್ ತಗೊಳ್ಳೋಕೆ ಹೋದವರು ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನ ತಟ್ಟುತ್ತಾ ಬನ್ನಿ, ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಮತ್ತು ಬಾಡಿ ಕೂರೋ ಜಾಗಗಳಲ್ಲಿ ಸದ್ದು ಮಂದವಾದರೆ ಅಲ್ಲಿ ಲೋಹ ತೆಳುವಾಗಿದೆ. ಇರೋ ಗಾಡಿ ಆದರೆ ಚಾಸಿಯ ತೂತುಗಳಿಂದ ನೀರು ಹಾಯಿಸಿ ಒಳಗಿನ ಮಣ್ಣು ಪೂರ್ತಿ ಹೊರಡಿಸಿ, ಎರಡು ದಿನ ಬಿಸಿಲಿಗೆ ಒಣಗಿಸಿ, ವೈರ್ ಬ್ರಷ್‌ನಲ್ಲಿ ಲೋಹ ಕಾಣೋ ತನಕ ಉಜ್ಜಿ, ಜಿಂಕ್ ಪ್ರೈಮರ್ ಹೊಡೆದು ಆಮೇಲೆ ಪೇಂಟ್. ಕೆಳಗಿನ ನೀರು ಇಳಿಯೋ ತೂತುಗಳನ್ನ ಪೇಂಟಲ್ಲಿ ಮುಚ್ಚಬೇಡಿ.