ಜರ್ಮನಿಗೆ ನಮ್ಮ ಕಟ್ಟೆಯ ಸಾಲ

ಮೂಡಿಗೆರೆ ಹತ್ತಿರ ಚಿಕ್ಕಪ್ಪನಿಗೆ ಮೂರು ಎಕರೆ ಕಾಫಿ ತೋಟ ಇದೆ. ಹೋದ ತಿಂಗಳು ಒಬ್ಬ ಹುಡುಗ ಮೊಬೈಲ್ ಹಿಡಿದು ಅಲ್ಲಿಗೆ ಬಂದ. ತೋಟದ ನಡುವೆ ನಿಂತು ಮೊಬೈಲನ್ನು ಆಕಾಶಕ್ಕೆ ಎತ್ತಿ, "ಅಂಕಲ್, ಆ ಸಿಲ್ವರ್ ಮರದಿಂದ ಸ್ವಲ್ಪ ಈಚೆ ಬನ್ನಿ" ಅಂದ. ಚಿಕ್ಕಪ್ಪ ಫೋಟೋ ಅಂದುಕೊಂಡು ಪಂಚೆ ಸರಿ ಮಾಡಿಕೊಂಡರು. ಫೋಟೋ ಅಲ್ಲ. ತೋಟ ಭೂಮಿ ಮೇಲೆ ಎಲ್ಲಿದೆ ಅನ್ನೋದು ಯುರೋಪಿಗೆ ಬೇಕಂತೆ.

ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು, ದಶಮಾಂಶ ಚುಕ್ಕಿಯ ನಂತರ ಆರು ಅಂಕಿ. ಅಂದರೆ ಸುಮಾರು 11 ಸೆಂಟಿಮೀಟರ್ ಲೆಕ್ಕ, ಒಂದು ಗೇಣೂ ಇಲ್ಲ. ಚಿಕ್ಕಪ್ಪನ ಜಮೀನಿಗೆ ಇನ್ನೂ ಪೋಡಿ ಆಗಿಲ್ಲ, ಅಂದರೆ ಸರ್ಕಾರಿ ಅಳತೆಯಲ್ಲಿ ಪಾಲು ಬೇರೆಯಾಗಿಲ್ಲ. ಹಳ್ಳದ ಆಚೆಯ ಹಲಸಿನ ಮರ ನಮ್ಮದೋ ಪಕ್ಕದವರದೋ ಅನ್ನೋದು ಅಜ್ಜನ ಕಾಲದಿಂದ ತೀರ್ಮಾನವಾಗಿಲ್ಲ. ಅದೀಗ ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಕೂತವನಿಗೆ ಗೊತ್ತಾಗುತ್ತದೆ. ಪೋಡಿ ಅರ್ಜಿಯನ್ನು ಸುಮ್ನೆ ಅಲ್ಲಿಗೇ ಹಾಕಬಹುದಿತ್ತು.

ಕಾನೂನಿನ ಜಾರಿ ಎರಡು ಸಲ ಮುಂದಕ್ಕೆ ಹೋಗಿ 2026ರ ಡಿಸೆಂಬರ್‌ಗೆ ಬಂದು ನಿಂತಿದೆ. ಆ ಮಟ್ಟಿಗೆ ಅವರೂ ನಮ್ಮವರೇ.

ಕಾಡು ಉಳಿಯೋದು ಬೇಡ ಅಂದವರು ಯಾರೂ ಇಲ್ಲ. ನಮ್ಮ ಕಾಫಿ ಬೆಳೆಯೋದೇ ಮರದ ನೆರಳಲ್ಲಿ. ನನಗೆ ಬಹಳ ಹಿಡಿಸಿದ್ದು ಆ ತಾರೀಖು. ತಮ್ಮ ಕಾಡು ಕಡಿದು ಹಡಗು ಕಟ್ಟಿ, ಆ ಹಡಗಿನಲ್ಲಿ ಇಲ್ಲಿಗೆ ಬಂದು, ಇಲ್ಲಿನ ತೇಗವನ್ನೂ ಕಡಿದು ಸಾಗಿಸಿ, ಎಲ್ಲ ಆದಮೇಲೆ 2020 ಅಂತ ಗೆರೆ ಎಳೆದಿದ್ದಾರೆ. ಮೊದಲ ಪಂಕ್ತಿಯಲ್ಲಿ ಉಂಡು ಕೈ ತೊಳೆದವರು ಎರಡನೇ ಪಂಕ್ತಿಯವರಿಗೆ ಏಕಾದಶಿ ನೆನಪಿಸಿದ ಹಾಗೆ.

ಇದರ ನಡುವೆ ಚಿಕ್ಕಮಗಳೂರಿನ ಒಂದು ರೆಸಾರ್ಟ್‌ನಲ್ಲಿ ಬೆಳೆಗಾರರಿಗೆ ತರಬೇತಿ ಇತ್ತು. ನಾನೂ ಚಿಕ್ಕಪ್ಪನ ಜೊತೆ ಹೋಗಿದ್ದೆ. ಕೋಟು ಹಾಕಿದ ತಜ್ಞರು ಬಡ ದೇಶಗಳು ಶ್ರೀಮಂತವಾಗೋದು ಹೇಗೆ ಅಂತ ಪರದೆ ಮೇಲೆ ತೋರಿಸಿದರು. ನಿಮಗೆ ಚೆನ್ನಾಗಿ ಬರೋ ಕೆಲಸವನ್ನಷ್ಟೇ ಮಾಡಿ, ಸುಂಕ ಇಳಿಸಿ, ಬಾಗಿಲು ತೆರೆಯಿರಿ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರಿಕಾರ್ಡೊ 1817ರಲ್ಲೇ ಹೇಳಿದ್ದಾನೆ, ಇಂಗ್ಲೆಂಡ್ ಬಟ್ಟೆ ನೇಯಲಿ, ಪೋರ್ಚುಗಲ್ ದ್ರಾಕ್ಷಾರಸ ಮಾಡಲಿ. ಮಧ್ಯೆ ಕಾಫಿ ಬಂತು. ಸ್ಯಾಶೆ ಹರಿದು ಬಿಸಿನೀರಿಗೆ ಕಲಸಿದ್ದು. ಚಿಕ್ಕಪ್ಪ ಲೋಟವನ್ನು ಕುರ್ಚಿ ಕೆಳಗೆ ಇಟ್ಟುಬಿಟ್ಟರು.

ಪರದೆ ಮೇಲೆ ಬಾರದ ಕಥೆಯೂ ಇದೆ. ಇಂಗ್ಲೆಂಡಿಗೆ ನೇಯೋದು 'ಚೆನ್ನಾಗಿ ಬರುವ' ಮೊದಲು ನಮ್ಮ ಅಚ್ಚಿನ ಹತ್ತಿ ಬಟ್ಟೆಗೆ ಅಲ್ಲಿ ಹುಚ್ಚು ಬೇಡಿಕೆ ಇತ್ತು. 1700ರಲ್ಲಿ ಕಾನೂನು ಮಾಡಿ ಅದು ಬರೋದನ್ನು ತಡೆದರು. 1721ರಲ್ಲಿ ಉಡೋದನ್ನೇ ತಡೆದರು. ಬಾಗಿಲು ತೆರೆದದ್ದು ಮಗ್ಗ ಗಟ್ಟಿಯಾದ ಮೇಲೆ. ದಕ್ಷಿಣ ಕೊರಿಯಾ ಉಕ್ಕಿನ ಕಾರ್ಖಾನೆ ಕಟ್ತೀನಿ ಅಂದಾಗ, ಅದು ನಿಮ್ಮ ಕೈಲಿ ಆಗೋದಲ್ಲ ಅಂತ ವಿಶ್ವಬ್ಯಾಂಕ್ ಹಿಂದೆ ಸರಿಯಿತು. ಕೊರಿಯಾದವರು ಜಪಾನಿನಿಂದ ಬಂದ ಪರಿಹಾರದ ದುಡ್ಡು ಹಾಕಿ 1973ರಲ್ಲಿ ಉಕ್ಕು ಕಾಯಿಸಿಯೇ ಬಿಟ್ಟರು. ಅದೇ ಪೋಸ್ಕೊ. ಬಾಗಿಲು ತೆರೆಯೋ ಪಾಠವನ್ನು ನಾವೂ ಕೇಳಲಿಲ್ಲ ಅಂತಲ್ಲ. 1991ರಲ್ಲಿ 47 ಟನ್ ಚಿನ್ನ ಅಡವಿಟ್ಟ ಮೇಲೆ ಕೇಳದೆ ಗತಿ ಇರಲಿಲ್ಲ.

ಸರಿ, ಕಾಫಿಗೆ ಬರೋಣ. ಹಸಿರು ಬೀಜ ಕಳಿಸಿದರೆ ಯುರೋಪಿನಲ್ಲಿ ಸುಂಕ ಸೊನ್ನೆ. ಅದನ್ನೇ ಇಲ್ಲಿ ಹುರಿದು ಕಳಿಸಿದರೆ ಮಾಮೂಲಿ ದರ ಶೇ 7.5. ರಿಯಾಯಿತಿ, ಒಪ್ಪಂದ ಅಂತ ಇಳಿಸೋದೂ ಉಂಟು, ಅದು ಅವರ ದೊಡ್ಡ ಮನಸ್ಸು. ಜರ್ಮನಿಯ ತೋಟಗಳಲ್ಲಿ ಒಂದು ಕಾಫಿ ಗಿಡ ಬೆಳೆಯಲ್ಲ. ಆದರೂ ಬೀಜ ತರಿಸಿ, ಹುರಿದು, ಬೇರೆ ದೇಶಗಳಿಗೆ ಮಾರೋದರಲ್ಲಿ ಅದು ದೊಡ್ಡ ಕುಳ. ತನ್ನ ಜನ ಕುಡಿಯೋ ಹುರಿದ ಕಾಫಿಗೆ ಅಲ್ಲಿನ ಸರ್ಕಾರ ಕಿಲೋಗೆ 2.19 ಯೂರೋ ತೆರಿಗೆ ಎತ್ತುತ್ತದೆ. ಬಿಳಿ ಕಾಂಡ ಕೊರಕ ಹುಳ ಇಲ್ಲ, ಆನೆ ಇಲ್ಲ, ಕಣದಲ್ಲಿ ಹರವಿದ ದಿನವೇ ಬೀಳೋ ಮಳೆ ಇಲ್ಲ. ಇದಪ್ಪಾ ಬೆಳೆ ಅಂದರೆ!

ಚೆನ್ನಾಗಿ ಬರೋ ಕೆಲಸ ಮಾತ್ರ ಮಾಡಿ ಅನ್ನೋ ಪಾಠದ ಪ್ರಕಾರ ಗಿಡವೇ ಇಲ್ಲದ ದೇಶ ಕಾಫಿಯ ತಂಟೆಗೆ ಹೋಗಬಾರದು, ಅಲ್ವಾ? ಪಾಪ, ಅವರಿಗೆ ಹೇಳುವವರಿಲ್ಲ. ಹಾಗಾಗಿ ಮೂಡಿಗೆರೆ ಹ್ಯಾಂಡ್‌ಪೋಸ್ಟ್‌ನ ಅಂಗಡಿ ಕಟ್ಟೆ ಮೇಲೆ ಒಂದು ಸಂಜೆ ತಜ್ಞರ ಸಮಿತಿ ಸೇರಿತು. ಚಿಕ್ಕಪ್ಪ, ಕೆಲಸ ಬಿಟ್ಟ ಒಬ್ಬ ತೋಟದ ರೈಟರ್ (ಲೆಕ್ಕ ಬರೆಯೋ ಗುಮಾಸ್ತ), ಹಾಸನದ ಕಡೆಯಿಂದ ಬಂದಿದ್ದ ಬೀಗರು. ಬರೆದುಕೊಳ್ಳೋಕೆ ನಾನು.

ಜರ್ಮನಿಗೆ ಸಾಲ ಕೊಡೋದು ಅಂತಾಯಿತು. ಚೀಟಿ ದುಡ್ಡು 20 ಸಾವಿರ ಇತ್ತು.

"ಅವರು ಸಾಲ ಕೇಳಿಲ್ವಲ್ಲ ಚಿಕ್ಕಪ್ಪ?"

"ಕೇಳೋದೇನು ಬಂತು ಮಾರಾಯ. ಷರತ್ತು ಹಾಕೋಕೆ ಒಂದು ಸಾಲ ಬೇಕು, ಅಷ್ಟೇ."

ಮೊದಲನೇ ಷರತ್ತು, ಹುರಿಯೋ ಕಾರ್ಖಾನೆ ಮುಚ್ಚಬೇಕು. ಮತ್ತೆ ಆ ಜನ ಏನು ಮಾಡಬೇಕು? ಇಲ್ಲಿ ಬೀಗರು ಎದ್ದು ಕೂತರು. ಜಲಂಧರದ ಬಿತ್ತನೆ ತಂದು ಆಲೂಗಡ್ಡೆ ಹಾಕಿ, ಅಂಗಮಾರಿಗೆ ಕೊಟ್ಟು ಕೈ ಸುಟ್ಟುಕೊಂಡವರು ಅವರು. "ಅವರ ಮಣ್ಣಿಗೆ ಆಲೂಗಡ್ಡೆ ಚೆನ್ನಾಗಿ ಬರ್ತದೆ ಕಣ್ರಿ. ಬೆಳೀಲಿ. ಹಸಿ ಆಲೂಗಡ್ಡೆ ಕಳಿಸಿದ್ರೆ ಸುಂಕ ಸೊನ್ನೆ ಮಾಡೋಣ. ಚಿಪ್ಸ್ ಮಾಡಿ ಕಳಿಸಿದ್ರೆ ಏಳೂವರೆ. ಚಿಪ್ಸ್ ನಾವು ಮಾಡಿ ಅವರಿಗೆ ಮಾರೋಣ." ಸಭೆಗೆ ಬಹಳ ಖುಷಿಯಾಯಿತು. ಮೌಲ್ಯವರ್ಧನೆಯ ತರಬೇತಿಯನ್ನು ಬರ್ಲಿನ್‌ನ ಒಳ್ಳೆ ರೆಸಾರ್ಟ್‌ನಲ್ಲೇ ಕೊಡೋದು, ನಡುವೆ ನಮ್ಮ ಚಿಪ್ಸ್ ಹಂಚೋದು ಅಂತ ರೈಟರ್ ಸೇರಿಸಿದರು.

ಕಾಡಿನ ವಿಚಾರಕ್ಕೆ ಸ್ವಲ್ಪ ಜಗಳ ಆಯಿತು. ಕಾಡು ಕಡಿದ ಹೊಲದ ಆಲೂಗಡ್ಡೆ ಬೇಡ ಅನ್ನೋದು ಎಲ್ಲರಿಗೂ ಒಪ್ಪಿಗೆ. ಯಾವ ತಾರೀಖಿನಿಂದ? ರೈಟರ್ 1947 ಅಂದರು. ಬೀಗರು 1817 ಇರಲಿ, ರಿಕಾರ್ಡೊಗೆ ಮರ್ಯಾದೆ ಅಂದರು. ಚಿಕ್ಕಪ್ಪ ಬೀಡಿ ಆರಿಸಿ, 1500ನೇ ಇಸವಿ ಡಿಸೆಂಬರ್ 31 ಅಂತ ಬರಿ ಅಂದರು. ಬರೆದೆ. ಎರಡು ಸಲ ಮುಂದೂಡಬಹುದು ಅಂತಲೂ ಕೆಳಗೆ ಬರೆದೆ.

ಕಾಗದ ಮಡಚಿ ಕವರಿಗೆ ಹಾಕಿ ವಿಳಾಸ ಏನು ಬರೆಯಲಿ ಅಂತ ಕೇಳಿದೆ.

"ವಿಳಾಸ ಯಾಕೋ?" ಚಿಕ್ಕಪ್ಪ ಎದ್ದು ಪಂಚೆ ಕೊಡವಿದರು. "ಲೊಕೇಶನ್ ಕಳಿಸೋಕೆ ಹೇಳು. ಆರು ಅಂಕಿ ಇರ್ಬೇಕು ಅಂತ ಹೇಳು."