ಮಗೂನ ಸ್ಕೂಟರಲ್ಲಿ ಮುಂದೆ ನಿಲ್ಲಿಸ್ಕೋಬೇಡಿ, ದಯವಿಟ್ಟು

ಇದನ್ನ ಬರೀಬೇಕು ಅಂತ ಒಂದು ವರ್ಷದಿಂದ ಅಂದ್ಕೊಳ್ತಾನೇ ಇದೀನಿ, ಆಗಿರ್ಲಿಲ್ಲ. ಇವತ್ತು ಬೆಳಿಗ್ಗೆ ಮಗಳನ್ನ ಸ್ಕೂಲಿಗೆ ಬಿಟ್ಟು ಗೇಟ್ ಹತ್ರ ಐದು ನಿಮಿಷ ನಿಂತಿದ್ದೆ, ಒಂದರ ಹಿಂದೆ ಒಂದು ಸ್ಕೂಟರ್ ಬರ್ತಾನೇ ಇತ್ತು, ಹೆಚ್ಚು ಕಮ್ಮಿ ಎಲ್ಲದ್ರಲ್ಲೂ ಒಂದು ಪುಟ್ಟ ಮಗು ಫುಟ್‌ಬೋರ್ಡ್ ಮೇಲೆ ಮುಂದೆ ನಿಂತ್ಕೊಂಡು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡ್ಕೊಂಡಿತ್ತು, ಓಡಿಸ್ತಿದ್ದ ಅಪ್ಪ ಅಮ್ಮಂಗೆ ಹೆಲ್ಮೆಟ್ ಇದೆ, ಮಗು ತಲೆ ಬರೀ ತಲೆ. ನೋಡಿ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು, ಯಾಕಂದ್ರೆ ಹೋದ ವರ್ಷದ ತನಕ ನಾನೂ ದಿನಾ ಹೀಗೇ ಕರ್ಕೊಂಡು ಬರ್ತಿದ್ದೆ.

ಆಗಿದ್ದು ಇಷ್ಟು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮನೆ ಹತ್ರಾನೇ ಒಂದು ದಿನಸಿ ಅಂಗಡಿ. ಗಾಡಿ ಆಫ್ ಮಾಡಿರ್ಲಿಲ್ಲ, ಒಂದೇ ನಿಮಿಷದ ಕೆಲಸ ಅಂತ ಸೀಟ್ ಮೇಲೆ ಕೂತ್ಕೊಂಡೇ ಒಂದು ಕಾಲು ಕೆಳಗೆ ಊರಿ ಫೋನ್ ತೆಗ್ದು ಸ್ಕ್ಯಾನ್ ಮಾಡ್ತಿದ್ದೆ. ಮಗಳಿಗೆ ಆಗ ಮೂರೂವರೆ. ಮುಂದೆ ನಿಂತಿದ್ಲು. ಅಮ್ಮ ತಿರುಗಿಸೋದು ದಿನಾ ನೋಡ್ತಾಳಲ್ಲ, ತಾನೂ ಎಕ್ಸಿಲರೇಟರ್ ತಿರುಗಿಸಿದ್ಲು. ಗಾಡಿ ಒಂದೇ ಸಲ ನೆಗೀತು, ಮುಂದೆ ಎಳನೀರು ಗಾಡಿಗೆ ಹೋಗಿ ಗುದ್ದಿ ನಿಂತ್ತು, ಮಗು ಬಾಯಿ ಹೋಗಿ ಮೀಟರ್ ಹತ್ರ ಬಡೀತು. ಕೆಳತುಟಿ ಹರಿದು ಎರಡು ಹೊಲಿಗೆ, ಮುಂದಿನ ಹಲ್ಲು ಅಲ್ಲಾಡ್ತಿತ್ತು. ಆ ರಕ್ತ ನನ್ನ ಕುರ್ತಾ ಮೇಲೆ ಬಿದ್ದಿದ್ದು, ಎಳನೀರಿನವ್ರು ಓಡಿ ಬಂದು ಮಗೂನ ಎತ್ಕೊಂಡಿದ್ದು, ಅವ್ರ ಕಾಯಿಗಳೆಲ್ಲ ರೋಡಲ್ಲಿ ಉರುಳ್ತಿದ್ರೂ ಅದನ್ನ ನೋಡದೆ ನೀರು ತಂದು ಬಾಯಿ ತೊಳೆಸಿದ್ದು ಯಾವತ್ತೂ ಮರೆಯಲ್ಲ.

ವೇಗ ಎಷ್ಟಿತ್ತು ಅಂದ್ರೆ ಏನೂ ಇರ್ಲಿಲ್ಲ, ನಿಂತಿದ್ದ ಗಾಡಿ. ಗೇರ್ ಇಲ್ಲದ ಸ್ಕೂಟರ್‌ಗೆ ಕ್ಲಚ್ ಅಂತ ಕೈಯಲ್ಲಿ ಹಿಡಿಯೋಕೆ ಏನೂ ಇಲ್ವಲ್ಲ, ಎಂಜಿನ್ ಆನ್ ಇದ್ರೆ ಆ ಹಿಡಿ ತಿರುಗಿಸಿದ ಕ್ಷಣ ಅದು ಹೊರಡುತ್ತೆ. ಬೈಕ್ ನ್ಯೂಟ್ರಲ್‌ನಲ್ಲಿದ್ರೆ ಸುಮ್ನೆ ಗುರ್ರ್ ಅನ್ನುತ್ತೆ ಅಷ್ಟೇ. ಈಗ ಎಲೆಕ್ಟ್ರಿಕ್ ಗಾಡಿ ಬಂದ್ಮೇಲೆ ಇನ್ನೂ ಕಷ್ಟ, ಆನ್ ಇದೆಯೋ ಇಲ್ವೋ ಶಬ್ದದಿಂದ ಗೊತ್ತೇ ಆಗಲ್ಲ. ಆದ್ರಿಂದ ಮಗು ಹತ್ತೋಕೆ ಮುಂಚೆ, ಇಳಿಯೋಕೆ ಮುಂಚೆ, ನಿಂತು ಯಾರ ಹತ್ರಾನಾದ್ರೂ ಮಾತಾಡೋವಾಗ, ಕೀ ಆಫ್. ಅರ್ಧ ನಿಮಿಷ ಆದ್ರೂ ಆಫ್.

ಮುಂದೆ ನಿಂತ್ರೆ ಕಣ್ಣೆದುರಿಗೇ ಇರುತ್ತೆ, ಎರಡೂ ಕಡೆ ನಮ್ಮ ತೋಳಿದೆ, ಬೀಳಲ್ಲ ಅಂತ ನಮ್ಮ ಧೈರ್ಯ. ನನಗೂ ಅದೇ ಇದ್ದಿದ್ದು. ಆದ್ರೆ ಆ ಮಗು ಎತ್ತರಕ್ಕೆ ಹ್ಯಾಂಡಲ್, ಮೀಟರ್, ಕನ್ನಡಿ ಕಂಬಿ ಇವೆಲ್ಲ ಎಲ್ಲಿ ಬರುತ್ತೆ ಅಂತ ಒಂದ್ಸಲ ಗಾಡಿ ನಿಲ್ಸಿ ಪಕ್ಕದಿಂದ ನೋಡಿ. ಬಾಯಿ, ಗಲ್ಲ, ಎದೆ, ಸರಿಯಾಗಿ ಅಲ್ಲೇ ಇರುತ್ತೆ. ನಾಯಿ ಅಡ್ಡ ಬಂತು ಅಂತ ಬ್ರೇಕ್ ಹಾಕಿದ್ರೆ ಮೊದ್ಲು ತಗಲೋದು ಮಗು ಮುಖ, ಹಿಂದಿನಿಂದ ಅರವತ್ತು ಎಪ್ಪತ್ತು ಕೆ.ಜಿ.ಯ ನಾವು ಹೋಗಿ ಅದರ ಮೇಲೆ ಬೀಳ್ತೀವಿ. ರಕ್ಷಣೆ ಅಂದ್ಕೊಂಡಿದ್ದ ನಮ್ಮ ಮೈಯೇ ಆಗ ಮಗೂನ ಅಮುಕೋದು. ಮಗು ಹ್ಯಾಂಡಲ್ ಹಿಡ್ಕೊಂಡು ಆ ಕಡೆ ಈ ಕಡೆ ವಾಲಿದ್ರೆ ಗುಂಡಿ ತಪ್ಪಿಸೋಕೂ ನಮ್ಗೆ ಸರಿಯಾಗಿ ತಿರುಗಿಸೋಕಾಗಲ್ಲ.

ಇನ್ನು ಮಡಿಲಲ್ಲಿ ಕೂರಿಸ್ಕೊಂಡು ಒಂದು ಕೈಯಲ್ಲಿ ಹಿಡ್ಕೊಳ್ಳೋದು, ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು ಕೂಸನ್ನ ತೋಳಲ್ಲಿ ಇಟ್ಕೊಳ್ಳೋದು. ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಅಂತ ಎಲ್ಲಾ ಅಮ್ಮಂದಿರೂ ಹೇಳ್ತೀವಿ. ನಮ್ಮನೆಯವ್ರು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತಾರೆ, ಆ ಘಟನೆ ಆದ ರಾತ್ರಿ ಇಬ್ರಿಗೂ ನಿದ್ದೆ ಬರ್ಲಿಲ್ಲ, ಅವ್ರು ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದ್ರು. 40 ಕಿ.ಮೀ. ಸ್ಪೀಡ್ ಅಂದ್ರೆ ಸೆಕೆಂಡಿಗೆ 11 ಮೀಟರ್. ಏನಕ್ಕಾದ್ರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ರೆ 12 ಕೆ.ಜಿ. ಮಗೂನ ಹಿಡಿದಿಟ್ಕೊಳ್ಳೋಕೆ 130 ಕೆ.ಜಿ.ಗಿಂತ ಜಾಸ್ತಿ ಭಾರ ಹಿಡಿಯೋಷ್ಟು ಶಕ್ತಿ ಬೇಕು. ಎರಡು ಅಕ್ಕಿ ಮೂಟೆಗಿಂತ ಜಾಸ್ತಿ, ಒಂದೇ ತೋಳಲ್ಲಿ, ಅದೂ ಏನಾಗ್ತಿದೆ ಅಂತ ಗೊತ್ತಾಗೋ ಮುಂಚೆ. ಯಾವ ತಾಯಿ ಪ್ರೀತಿಗೂ ಅಷ್ಟು ಬಲ ಇಲ್ಲ. ಅದೇ 40ರ ಪೆಟ್ಟು ಅಂದ್ರೆ ಸುಮಾರು 6 ಮೀಟರ್ ಮೇಲಿಂದ ಬಿದ್ದ ಹಾಗೆ, ಅಂದ್ರೆ ಎರಡನೇ ಮಹಡಿ. ಎರಡನೇ ಮಹಡಿ ಬಾಲ್ಕನಿಗೆ ಮಗು ಹೋಗ್ಬಾರ್ದು ಅಂತ ಗ್ರಿಲ್ ಹಾಕಿಸ್ತೀವಿ, ಇಲ್ಲಿ ಬರೀ ತಲೆಯಲ್ಲಿ ಕರ್ಕೊಂಡು ಹೋಗ್ತೀವಿ.

ಕಾನೂನಲ್ಲಿ ಏನಿದೆ ಅಂತ ಆಮೇಲೆ ಓದ್ದೆ, ಮುಂಚೆ ನನಗೂ ಗೊತ್ತಿರ್ಲಿಲ್ಲ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ, 2023ರ ಫೆಬ್ರವರಿ 15ರಿಂದ ಜಾರಿ. ನಾಲ್ಕು ವರ್ಷದೊಳಗಿನ ಮಗೂನ ಗಾಡಿಯಲ್ಲಿ ಕರ್ಕೊಂಡು ಹೋದ್ರೆ ಓಡಿಸೋರ ಮೈಗೆ ಸೇರಿಸಿ ಕಟ್ಟೋ ಸೇಫ್ಟಿ ಬೆಲ್ಟ್ ಇರ್ಬೇಕು, ಅದು 30 ಕೆ.ಜಿ. ತನಕ ತಡೀಬೇಕು, 9 ತಿಂಗಳಿಂದ 4 ವರ್ಷದ ಮಗೂಗೆ ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು, ಗಾಡಿ 40 ದಾಟಬಾರ್ದು. ನಾಲ್ಕು ದಾಟಿದ ಮೇಲೆ ದೊಡ್ಡವರ ಹಾಗೇ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ನಿಯಮ ಬಂದು ಇಷ್ಟು ದಿನ ಆದ್ರೂ ಸ್ಕೂಲ್ ಗೇಟಲ್ಲಿ ಆ ಬೆಲ್ಟ್ ಕಟ್ಕೊಂಡು ಬಂದೋರನ್ನ ನಾನು ನೋಡಿರೋದು ಇಬ್ರನ್ನೇ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ತೀರ್ಕೊಂಡೋರು 1,68,491 ಜನ, ಅವ್ರಲ್ಲಿ ನೂರಕ್ಕೆ 44 ಜನಕ್ಕಿಂತ ಜಾಸ್ತಿ ದ್ವಿಚಕ್ರ ವಾಹನದಲ್ಲಿ ಇದ್ದೋರು. ಇದು ಸರ್ಕಾರದ್ದೇ ಲೆಕ್ಕ.

ಹೆಲ್ಮೆಟ್ ಹುಡುಕೋಕೆ ಹೋದಾಗ ನಿಜವಾಗ್ಲೂ ಸುಸ್ತಾದೆ. ಮೂರು ಅಂಗಡಿ ಸುತ್ತಿದ್ವಿ, ಮಕ್ಕಳ ಸೈಜ್ ಅಂತ ಕೊಟ್ಟಿದ್ದೆಲ್ಲ ಹತ್ತು ವರ್ಷದ ಮಕ್ಕಳಿಗೆ ಆಗೋವು, ಮಗಳ ತಲೆ ಮೇಲೆ ಇಟ್ರೆ ಬುಟ್ಟಿ ಮುಚ್ಚಿದ ಹಾಗೆ, ಒಂದು ಅಂಗಡಿಯಲ್ಲಿ ಒಳಗೆ ಸ್ವಲ್ಪ ಬಟ್ಟೆ ತುರುಕಿ ಮೇಡಂ ಅಂದ್ರು. ಬೇಡ. ಸಡಿಲ ಹೆಲ್ಮೆಟ್ ಬಿದ್ದ ಕ್ಷಣಕ್ಕೇ ಕಳಚಿ ಹೋಗುತ್ತೆ. ಭಾರದ ಪ್ರಶ್ನೆ ಬೇರೆ, ಪುಟ್ಟ ಮಕ್ಕಳಿಗೆ ಮೈಗೆ ಹೋಲಿಸಿದ್ರೆ ತಲೇನೇ ದೊಡ್ಡದು, ಕತ್ತು ಎಳೇದು, ಅದರ ಮೇಲೆ ಮುಕ್ಕಾಲು ಒಂದು ಕೆ.ಜಿ. ಹೊರಿಸಿದ್ರೆ ಹಂಪ್ಸ್ ಬಂದಾಗೆಲ್ಲ ಕತ್ತು ಜೋಲುತ್ತೆ. ಇದಕ್ಕೆ ಉತ್ತರ ಆ ನಿಯಮದಲ್ಲೇ ಇದೆ, ಯಾರೂ ಹೇಳಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ: ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಒಳ್ಳೇ ಸ್ಟ್ಯಾಂಡರ್ಡ್‌ನ ಸೈಕಲ್ ಹೆಲ್ಮೆಟ್ ಕೂಡ ನಡೆಯುತ್ತೆ. ಒಳಗಡೆ ಸ್ಟಿಕ್ಕರ್‌ನಲ್ಲಿ ಇಎನ್ 1078 (EN 1078, ಸೈಕಲ್ ಹೆಲ್ಮೆಟ್‌ಗೆ ಯುರೋಪಿನ ಸ್ಟ್ಯಾಂಡರ್ಡ್) ಅಂತ ಇದೆಯಾ ನೋಡಿ. ನಾವು ತಂದಿದ್ದು ಅದೇ, ಕಾಲು ಕೆ.ಜಿ. ಆಸುಪಾಸು ಅಷ್ಟೇ ತೂಕ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರ್ಬೇಕು, ಗಲ್ಲದ ಪಟ್ಟಿ ಒಳಗೆ ಒಂದು ಎರಡು ಬೆರಳು ಮಾತ್ರ ಹೋಗ್ಬೇಕು, ತಲೆ ಅಲ್ಲಾಡ್ಸು ಅಂದಾಗ ಹೆಲ್ಮೆಟ್ ತಲೆ ಜೊತೇನೇ ಅಲ್ಲಾಡ್ಬೇಕು. ನಾಲ್ಕು ದಾಟಿದ ಮೇಲೆ ಐಎಸ್ಐ ಗುರುತಿಂದೇ ಬೇಕು. ಆ ಗುರುತಿಲ್ಲದ ಹೆಲ್ಮೆಟ್ ಮಾರೋದೇ 2021ರ ಜೂನ್‌ನಿಂದ ಬ್ಯಾನ್, ಆದ್ರೂ ರಿಂಗ್ ರೋಡಲ್ಲಿ ಹಗ್ಗಕ್ಕೆ ತೂಗಾಕಿ ಮಾರ್ತಾನೇ ಇದಾರೆ, ಮಕ್ಕಳಿಗಂತೂ ಅದನ್ನ ತಗೋಬೇಡಿ.

ಬೆಲ್ಟ್ ಬಗ್ಗೆ ತುಂಬಾ ಜನ ಕೇಳೋ ಪ್ರಶ್ನೆ, ನೀನು ಬಿದ್ರೆ ಮಗೂನೂ ನಿನ್ನ ಜೊತೆ ಬೀಳುತ್ತಲ್ಲ ಅಂತ. ಹೌದು, ಬೀಳುತ್ತೆ. ಆದ್ರೆ ಬೆಲ್ಟ್ ಇಲ್ದಿದ್ರೆ ಮಗು ಎಲ್ಲಿಗೆ ಹೋಗಿ ಬೀಳುತ್ತೆ ಅಂತ ಯೋಚ್ನೆ ಮಾಡಿ, ಹಿಂದೆ ಬರ್ತಿರೋ ಬಸ್ ಮುಂದೆ. ನನ್ನ ಜೊತೆಗಿದ್ರೆ ನನ್ನ ವೇಗಕ್ಕೆ, ನಾನಿರೋ ಕಡೆ ಇರುತ್ತೆ. ಅದಕ್ಕೇ ಬೆಲ್ಟ್ ಕಟ್ಟಿದ ದಿನದಿಂದ ನಾನು ಓಡಿಸೋದೇ ಬದಲಾಗಿದೆ, 30 ದಾಟಲ್ಲ, ಮಳೆ ಶುರುವಾದ ಮೊದಲ ಹತ್ತು ನಿಮಿಷ ರೋಡ್ ಎಣ್ಣೆ ಸವರಿದ ಹಾಗಿರುತ್ತೆ, ಆಗ ಎಲ್ಲಾದ್ರೂ ನಿಂತುಬಿಡ್ತೀನಿ.

ನಮ್ಮತ್ತೆಗೆ ಮೊದಮೊದಲು ಇದೆಲ್ಲ ಜಾಸ್ತಿ ಅನ್ನಿಸ್ತು. "ನಾವೆಲ್ಲ ನಾಲ್ಕು ಮಕ್ಕಳನ್ನ ಹಾಗೇ ಸಾಕ್ಲಿಲ್ವೇನಮ್ಮ, ಮಗೂಗೆ ಈ ಸೆಕೇಲಿ ಟೊಪ್ಪಿ, ಪಟ್ಟಿ, ಹಿಂಸೆ ಕಣಮ್ಮ" ಅಂದ್ರು. ನಾನು ವಾದ ಮಾಡ್ಲಿಲ್ಲ, ನನ್ನ ಎಡಗಾಲಿನ ಹಿಮ್ಮಡಿ ತೋರಿಸ್ದೆ. ಅಲ್ಲೊಂದು ಕಲೆ ಇದೆ, ಐದು ವರ್ಷದವಳಿದ್ದಾಗ ನಂಜನಗೂಡು ಹತ್ರ ನಮ್ಮೂರಲ್ಲಿ ಅಪ್ಪನ ಸೈಕಲ್ ಕ್ಯಾರಿಯರ್ ಮೇಲೆ ಕೂತಿದ್ದಾಗ ಕಾಲು ಕಡ್ಡಿಗೆ ಸಿಕ್ಕಿ ಹಿಮ್ಮಡಿ ಚರ್ಮ ಕಿತ್ತು ಬಂದಿತ್ತು. ಅದು ಹೋಗ್ತಿದ್ದಿದ್ದು ಎಷ್ಟು ಸ್ಪೀಡಲ್ಲಿ, ನಡ್ಕೊಂಡು ಹೋಗೋರಿಗಿಂತ ಸ್ವಲ್ಪ ಜೋರು. ಆಮೇಲೆ ಅಪ್ಪ ಸೈಕಲ್ ಅಂಗಡಿಯಿಂದ ಬಾರ್ ಮೇಲೆ ಹಾಕೋ ಒಂದು ಪುಟ್ಟ ಸೀಟು ತಂದು, ಕಾಲಿಡೋಕೆ ಕಂಬಿ ಕೂಡ ಹಾಕಿಸಿದ್ರು. ಅಂದ್ರೆ ಆ ಕಾಲದೋರೂ ಏಟು ತಿಂದ ಮೇಲೆ ಹುಷಾರಾಗಿದ್ದಾರೆ. ಕಡ್ಡಿಗೆ ಕಾಲು ಸಿಗೋದು ಬೈಕಲ್ಲೂ ಅಷ್ಟೇ ಆಗುತ್ತೆ, ಹಿಂದಿನ ಚಕ್ರದ ಅರ್ಧ ಭಾಗವಾದ್ರೂ ಮುಚ್ಚೋ ಗಾರ್ಡ್ ಇರ್ಬೇಕು ಅಂತ ಮೋಟಾರು ವಾಹನ ನಿಯಮ 123ರಲ್ಲೇ ಇದೆ, ನಾವು ಸೀರೆ ಗಾರ್ಡ್ ಅಂತೀವಲ್ಲ ಅದು, ಹುಡುಗ್ರು ಲುಕ್ ಚೆನ್ನಾಗಿರಲ್ಲ ಅಂತ ಗಾಡಿ ತಂದ ವಾರಕ್ಕೇ ಬಿಚ್ಚಿಸ್ತಾರೆ, ಮನೇಲಿ ಮಕ್ಕಳಿದ್ರೆ ಮತ್ತೆ ಹಾಕಿಸಿ. ಸೈಲೆನ್ಸರ್ ಕಡೆಯಿಂದ ಮಗೂನ ಇಳಿಸ್ಬೇಡಿ, ಎಡಗಡೆಯಿಂದಾನೇ ಇಳಿಸಿ, ಆ ಸುಟ್ಟ ಗಾಯ ವಾರಗಟ್ಟಲೆ ಕಾಡುತ್ತೆ. ವೇಲು, ಸೆರಗು ಸೊಂಟಕ್ಕೆ ಸುತ್ತಿ ಸಿಕ್ಕಿಸಿ.

ಇನ್ನೊಂದು ವಿಷಯಕ್ಕೆ ನಾನು ಜಾಸ್ತಿ ಹೆದರ್ತೀನಿ, ನಿದ್ದೆ. ಗಾಡಿ ಅದುರ್ತಾ ಗಾಳಿ ಬೀಸ್ತಾ ಇದ್ರೆ ಮಕ್ಕಳಿಗೆ ತೊಟ್ಟಿಲಲ್ಲಿ ಹಾಕಿದ ಹಾಗೆ ಜೋಂಪು ಹತ್ತುತ್ತೆ. ಒಂದು ಭಾನುವಾರ ನಂಜನಗೂಡಿಗೆ ದೇವಸ್ಥಾನಕ್ಕೆ ಹೋಗಿದ್ವಿ, ಬೈಕಲ್ಲಿ ನಮ್ಮನೆಯವ್ರು ಮುಂದೆ, ನಾನು ಹಿಂದೆ, ಮಗಳು ಮಧ್ಯೆ. ವಾಪಸ್ ಬರೋವಾಗ ಅವಳು ಮಾತು ನಿಲ್ಸಿದ್ಲು, ನೋಡಿದ್ರೆ ನಿದ್ದೆ, ಕೈ ಸಡಿಲ, ತಲೆ ಒಂದು ಕಡೆಗೆ ವಾಲ್ತಿದೆ. ಎಚ್ಚರ ಇರೋ ಮಗು ತಾನೇ ಹಿಡ್ಕೊಳ್ಳುತ್ತೆ, ನಿದ್ದೆ ಮಾಡೋ ಮಗು ಬರೀ ಭಾರ. ಕಡಕೊಳದಲ್ಲಿ ಗಾಡಿ ನಿಲ್ಸಿ ನಾನೂ ಮಗಳೂ ಬಸ್ ಹತ್ತಿದ್ವಿ. ಶಕ್ತಿ ಯೋಜನೆ ಬಂದ್ಮೇಲೆ ನಮ್ಗೆ ಟಿಕೆಟ್ ದುಡ್ಡೂ ಇಲ್ಲ, ಅವ್ರು ಬೈಕಲ್ಲಿ ಹಿಂದೆ ಬಂದ್ರು. ಅವತ್ತಿಂದ ದೂರದ ಊರಿಗೆ ಮಗಳ ಜೊತೆ ಗಾಡಿ ಇಲ್ಲ. ಮಧ್ಯಾಹ್ನ ಊಟ ಆದ್ಮೇಲೆ, ರಾತ್ರಿ ಎಂಟರ ಮೇಲೆ ಆಟೋನೇ. ಒಂದು ವರ್ಷ ಆಗದ ಕೂಸನ್ನಂತೂ ದ್ವಿಚಕ್ರದಲ್ಲಿ ಕೂರಿಸಲೇಬಾರ್ದು ಅನ್ನೋದು ನನ್ನ ಅಭಿಪ್ರಾಯ, ನಿಯಮ 9 ತಿಂಗಳಿಗೇ ಹೆಲ್ಮೆಟ್ ಮಾತಾಡಿದ್ರೂ ಸರಿ, ಕುತ್ತಿಗೆ ಇನ್ನೂ ಹದಕ್ಕೆ ಬರ್ತಿರೋ ಕೂಸು ಅದು.

ಅಲ್ಲಾ ಮಧ್ಯೆ ಕೂರಿಸೋದೂ ಟ್ರಿಪಲ್ ರೈಡಿಂಗ್ ಅಲ್ವಾ ಅಂತೀರ. ಹೌದು. ಕಾನೂನಿನಲ್ಲಿ ಹಿಂದೆ ಒಬ್ರೇ ಕೂರ್ಬೇಕು ಅಂತಿದೆ, ಮಗು ಅಂತ ವಿನಾಯ್ತಿ ಬರೆದಿಲ್ಲ. 2023ರಲ್ಲಿ ಕೇರಳದಲ್ಲಿ ಸಂಚಾರ ನಿಯಮ ಮುರಿದೋರನ್ನ ಹಿಡಿಯೋ ಎಐ ಕ್ಯಾಮೆರಾ ಹಾಕಿದಾಗ ಇದೇ ಗಲಾಟೆ ಆಯ್ತು, ಹತ್ತು ವರ್ಷದೊಳಗಿನ ಮಗೂನ ಮೂರನೆಯವರಾಗಿ ಬಿಡಿ ಅಂತ ಅಲ್ಲಿಂದ ಕೇಳಿದ್ರು, ಕೇಂದ್ರ ಒಪ್ಪಲಿಲ್ಲ. ನನಗೆ ಇದರಲ್ಲಿ ಸಂಕಟ ಇದೆ, ಯಾಕಂದ್ರೆ ಕಾರಿಲ್ಲದ, ಒಂದೇ ಗಾಡಿ ಇರೋ ಮನೆಗಳು ನಮ್ಮವು. ಮದುವೆ, ಆಸ್ಪತ್ರೆ, ತವರು, ಎಲ್ಲಕ್ಕೂ ಅದೇ ಗಾಡಿ. ದಂಡ ಹಾಕಿದ್ರೆ ಸಾಲ್ದು, ಬಡಾವಣೆ ಒಳಗೆ ಬಸ್ ಬರ್ಬೇಕು, ಶಾಲೆ ಹೊತ್ತಿಗೆ ಬರ್ಬೇಕು. ಜೊತೆಗೆ ಮಕ್ಕಳ ಸೈಜಿನ ಐಎಸ್ಐ ಹೆಲ್ಮೆಟ್ ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಗ್ಬೇಕು. ಅದನ್ನ ಕೇಳೋ ಹಕ್ಕು ನಮ್ಗಿದೆ. ಆದ್ರೆ ಅದು ಬರೋ ತನಕ ಮಗು ಬರೀ ತಲೆಯಲ್ಲಿ ಮುಂದೆ ನಿಲ್ಲೋದು ಬೇಡ.

ಮಗಳಿಗೆ ಈಗ ನಾಲ್ಕೂವರೆ. ಹಿಂದೆ ಕೂರ್ತಾಳೆ, ಬೆಲ್ಟ್ ಇನ್ನೂ ಕಟ್ತೀನಿ, ಫುಟ್‌ರೆಸ್ಟ್‌ಗೆ ಕಾಲು ಎಟಕೋ ತನಕ ಬಿಡಲ್ಲ. ಮೊದಲ ವಾರ ಅತ್ತು ರಂಪ ಮಾಡಿದ್ಲು, ಮುಂದೆ ನಿಂತ್ರೆ ಎಲ್ಲಾ ಕಾಣ್ಸುತ್ತೆ ಅಂತ. ಈಗ ಬೆಲ್ಟ್ ಕ್ಲಿಪ್ ಟಕ್ ಅನ್ನದೆ ಗಾಡಿ ಸ್ಟಾರ್ಟ್ ಮಾಡಿದ್ರೆ ಬೆನ್ನಿಗೆ ಗುದ್ದಿ "ಅಮ್ಮಾ ಟಕ್ ಆಗಿಲ್ಲ" ಅಂತಾಳೆ. ಅವಳಿಗೆ ಐಎಸ್ಐ ಗುರುತಿನ ಹೊಸ ಹೆಲ್ಮೆಟ್ ತಂದ್ವಿ, ಹಳೇ ಸೈಕಲ್ ಹೆಲ್ಮೆಟ್ ಮನೇಲಿದೆ, ಒಂದ್ಸಲಾನೂ ಕೆಳಗೆ ಬಿದ್ದಿಲ್ಲ, ಪೆಟ್ಟು ತಿಂದಿಲ್ಲ, ಪಟ್ಟಿ ತೊಳೆದು ಒಣಗಿಸಿಟ್ಟಿದೀನಿ. ಎರಡು ಮೂರು ವರ್ಷದ ಮಗುವಿಗೆ ಸರಿಯಾಗುತ್ತೆ. ಮೈಸೂರಲ್ಲಿ ಯಾರಿಗಾದ್ರೂ ಬೇಕಿದ್ರೆ ಇನ್‌ಬಾಕ್ಸ್‌ಗೆ ಬನ್ನಿ, ದುಡ್ಡು ಬೇಡ, ಮಗೂನ ಕರ್ಕೊಂಡು ಬನ್ನಿ, ತಲೆಗೆ ಹಾಕಿ ನೋಡೋಣ.