ಅಮ್ಮನ ಮಂಡಿ ಮತ್ತು ಭಾನುವಾರದ ಪುಡಿ

ಇಂಗ್ಲೆಂಡಿನ ಲೀಡ್ಸ್‌ನಿಂದ ಕಳೆದ ವರ್ಷ ಅರಸೀಕೆರೆಗೆ ಹೋದಾಗ, ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ವಿಟಮಿನ್ ಡಿ ಪುಡಿಯ ಪೊಟ್ಟಣಗಳು ಸಾಲಾಗಿ ಕುಳಿತಿದ್ದವು. ಒಂದೊಂದರಲ್ಲೂ 60,000 ಯೂನಿಟ್. ಭಾನುವಾರ ರಾತ್ರಿ ಅಮ್ಮ ಅದನ್ನು ಹಾಲಿಗೆ ಸುರಿದು ಕಲಕುವರು. ಲೋಟದಂಚಿಗೆ ಅಂಟಿದ್ದನ್ನೂ ಬೆರಳಿನಿಂದ ಸವರಿ ಬಾಯಿಗೆ ಹಾಕಿಕೊಳ್ಳುವರು. ‘ಮಂಡಿಗೆ ಕೊಟ್ಟಿದಾರೆ ಕಣೋ’ ಎಂದರು. ಎಂಟು ವಾರಗಳ ಕೋರ್ಸು ಎರಡು ಸಲ ಮುಗಿದಿದ್ದರೂ ಮೆಟ್ಟಿಲಿಳಿಯುವಾಗಿನ ನೋವು ಇದ್ದ ಹಾಗೇ ಇತ್ತು.

ಆ ಚಳಿಗಾಲದಲ್ಲಿ ನನ್ನ ಬಲಮಂಡಿಯೂ ತಕರಾರು ತೆಗೆಯಿತು. ಇಲ್ಲಿ ಲೀಡ್ಸ್‌ನ ವೈದ್ಯರು ರಕ್ತಪರೀಕ್ಷೆಯನ್ನಾಗಲಿ ಎಕ್ಸ್‌ರೇಯನ್ನಾಗಲಿ ಬರೆಯಲಿಲ್ಲ. ವಯಸ್ಸು ನಲವತ್ತೈದು ದಾಟಿದೆಯೇ, ನಡೆದಾಡಿದಾಗ ನೋವೇ, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಹೋಗುವುದೇ ಎಂದಷ್ಟೇ ಕೇಳಿ, ಇದು ಮಂಡಿಯ ಸವೆತ ಎಂದು ಹೇಳಿ, ತೊಡೆಯ ವ್ಯಾಯಾಮಗಳ ಚಿತ್ರವಿದ್ದ ಒಂದು ಹಾಳೆಯನ್ನು ಕೈಗಿತ್ತರು. ಔಷಧಿಯಿಲ್ಲದೆ ಹೊರಬರುವುದೆಂದರೆ ನಮ್ಮವರಿಗೆ ಮೋಸಹೋದಂತೆಯೇ; ನನಗೂ ಹಾಗೇ ಅನ್ನಿಸಿತು. ಆಮೇಲೆ ಓದಿ ನೋಡಿದರೆ, ಇಂಗ್ಲೆಂಡಿನ 2022ರ ಚಿಕಿತ್ಸಾ ಮಾರ್ಗಸೂಚಿ ಹೇಳುವುದೂ ಆ ವೈದ್ಯರು ಮಾಡಿದ್ದನ್ನೇ.

ಅಮ್ಮನ ಪುಡಿಯ ಹಿಂದೆ ಆಧಾರವೇ ಇಲ್ಲವೆಂದಲ್ಲ. ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದ್ದವರ ಮಂಡಿ ಬೇಗ ಹದಗೆಡುತ್ತದೆ ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1996ರಲ್ಲಿ ತಿಳಿಸಿತ್ತು. ಆದರೆ ಆ ವಿಟಮಿನ್ನನ್ನೇ ಕೊಟ್ಟು ನೋಡಿದಾಗ ಆ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ. 2013ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗದಲ್ಲಿ 146 ಮಂದಿ ಎರಡು ವರ್ಷ ಪಾಲ್ಗೊಂಡರು. 2016ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ವಿಟಮಿನ್ ಕಡಿಮೆಯಿದ್ದ 413 ಮಂದಿಯನ್ನೇ ಆರಿಸಿ, ಅರ್ಧದಷ್ಟು ಜನರಿಗೆ ತಿಂಗಳಿಗೆ 50,000 ಯೂನಿಟ್ ಕೊಟ್ಟರು. ಎರಡರಲ್ಲೂ ಮೃದ್ವಸ್ಥಿಯ (ಕೀಲಿನಲ್ಲಿ ಮೂಳೆಯ ತುದಿಗಿರುವ ಮೆತ್ತನೆಯ ಹೊದಿಕೆಯ) ಸವೆತದಲ್ಲಾಗಲಿ ನೋವಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಂಡಿ ನೋಯುವವರು ಬಿಸಿಲಿಗೆ ಹೋಗುವುದು ಕಡಿಮೆ. ಮೈಭಾರ ಹೆಚ್ಚಿದ್ದವರ ರಕ್ತದಲ್ಲಿ ಈ ವಿಟಮಿನ್ ಕಡಿಮೆ, ಅವರ ಮಂಡಿಗೆ ಹೊರೆಯೂ ಹೆಚ್ಚು. ಹೀಗಿರುವಾಗ ಎರಡು ಒಟ್ಟಿಗೆ ಕಂಡವೆಂದು ಒಂದನ್ನು ಇನ್ನೊಂದರ ಕಾರಣವೆನ್ನುವುದು ಅವಸರವೇ ಸರಿ.

‘ನಮ್ಮ ವಂಶದ ಮಂಡಿಯೇ ಹೀಗೆ’ ಎಂಬ ಅಮ್ಮನ ಇನ್ನೊಂದು ಮಾತಿಗೆ ಹೆಚ್ಚು ತೂಕವಿದೆ. ಬ್ರಿಟನ್ನಿನ ಅವಳಿ ಸೋದರಿಯರ 1996ರ ಅಧ್ಯಯನ, ಕೈ ಮತ್ತು ಮಂಡಿಯ ಸವೆತದಲ್ಲಿ ವಂಶದ ಪಾಲು ಶೇ. 39ರಿಂದ 65 ಎಂದು ಅಂದಾಜಿಸಿತು. ಜೀವಕೋಶದಲ್ಲಿ ವಿಟಮಿನ್ ಡಿಯನ್ನು ಬರಮಾಡಿಕೊಳ್ಳುವ ಗ್ರಾಹಕದ (ರಿಸೆಪ್ಟರ್) ವಂಶವಾಹಿಯ ಮೇಲೂ ಆ ಕಾಲದಲ್ಲಿ ಅನುಮಾನ ಬಿದ್ದಿತ್ತು. ಆದರೆ ಹನ್ನೆರಡನೆಯ ವರ್ಣತಂತುವಿನಲ್ಲಿ ಅದರ ನೆರೆಯಲ್ಲೇ ಮೃದ್ವಸ್ಥಿಯ ಕೊಲಾಜೆನ್ ಎಂಬ ಪ್ರೋಟೀನ್ ತಯಾರಿಸುವ ವಂಶವಾಹಿಯೂ ಇರುವುದರಿಂದ ತಪ್ಪು ಈ ಮನೆಯದೋ ಪಕ್ಕದ ಮನೆಯದೋ ಎಂಬ ಜಗಳ ಹುಟ್ಟಿತು. ವಂಶದ ಪಾಲು ದೊಡ್ಡದೆಂದ ಮಾತ್ರಕ್ಕೆ ಪುಡಿಯ ಪಾಲೂ ದೊಡ್ಡದಾಗುವುದಿಲ್ಲ.

ಹಾಗೆಂದು ಇಲ್ಲಿನ ರೀತಿಯನ್ನೇ ಹೊಗಳಲಾರೆ. ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಇಲ್ಲಿನ ಬಿಸಿಲಿನಿಂದ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಾಗದು. ಸರ್ಕಾರಿ ಆರೋಗ್ಯ ಸೇವೆ ಆಗ ಎಲ್ಲರಿಗೂ ದಿನಕ್ಕೆ 10 ಮೈಕ್ರೋಗ್ರಾಂ, ನಮ್ಮಂಥ ಕಪ್ಪು ಚರ್ಮದವರಿಗೆ ವರ್ಷವಿಡೀ ಅಷ್ಟು, ಸಲಹೆ ಮಾಡುತ್ತದೆ. ಸಲಹೆ ಕಾಗದದಲ್ಲಿದೆ, ವೈದ್ಯರ ಬಾಯಲ್ಲಿ ಅಪರೂಪ. ನನ್ನ ಪರಿಚಯದ ಮೈಸೂರಿನ ಮಹಿಳೆಯೊಬ್ಬರಿಗೆ ಕುರ್ಚಿಯಿಂದ ಏಳಲಾಗುತ್ತಿರಲಿಲ್ಲ, ಸೊಂಟವೂ ತೊಡೆಯೂ ನೋಯುತ್ತಿದ್ದವು. ವ್ಯಾಯಾಮದ ಹಾಳೆಯೊಂದಿಗೆ ಒಂದೂವರೆ ವರ್ಷ ಕಳೆದ ಮೇಲೆ ರಕ್ತಪರೀಕ್ಷೆಯಾಯಿತು. ಅವರದು ಮಂಡಿಯ ಸವೆತವಲ್ಲ, ತೀವ್ರ ಕೊರತೆಯಿಂದ ಮೂಳೆ ಮೆದುವಾಗಿತ್ತು. ಅವರಿಗೆ ಬೇಕಾಗಿದ್ದದ್ದು ಅಮ್ಮನ ಪುಡಿಯೇ.

ಅಮ್ಮನಿಗೆ ಬೇಕಾಗಿದ್ದದ್ದು ನನ್ನ ಹಾಳೆ. ಅದನ್ನು ಫೋಟೋ ತೆಗೆದು ಕಳುಹಿಸಿದೆ. ನೆಲದಲ್ಲಿ ಕೂತು ತರಕಾರಿ ಹೆಚ್ಚುವುದನ್ನು ಬಿಟ್ಟು ಮೇಜಿಗೆ ಬಂದಿದ್ದಾರೆ. ಸಂಜೆಯ ಧಾರಾವಾಹಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುತ್ತಾರೆ. ಮೊನ್ನೆ ವಿಡಿಯೋ ಕರೆಯಲ್ಲಿ ಏಳನೆಯದಕ್ಕೇ ಜಾಹೀರಾತು ಮುಗಿಯಿತೆಂದು ಗೊಣಗಿಕೊಂಡರು.